ನಿಂತಿದ್ದಕ್ಕೆ ಬಾಡಿಗೆ

"ಎಳ್ಕೊಂಡು ಬಂದಿದ್ದಕ್ಕೆ ದುಡ್ಡು ಕೇಳಿ, ಕೊಡ್ತೀನಿ. ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ದಂಡ ಹಾಕಿ, ಅದನ್ನೂ ಕೊಡ್ತೀನಿ. ಆದ್ರೆ ಇದ್ಯಾವುದು ಜಾಗದ ಬಾಡಿಗೆ? ನಿಮ್ಮ ಅಂಗಳದಲ್ಲಿ ನಿಲ್ಲಿಸ್ಕೊಳ್ಳಿ ಅಂತ ನಾನೇನು ಬೇಡ್ಕೊಂಡಿದ್ನಾ?"

ಎಳೆದು ತಂದ ವಾಹನಗಳನ್ನು ಇಡುವ ಅಂಗಳ ಅದು. ಕಿಟಕಿಯೊಳಗಿದ್ದ ಗುಮಾಸ್ತ ಬಿಲ್ಲನ್ನು ಮತ್ತೆ ಅವಳ ಕಡೆ ತಿರುಗಿಸಿದ. ಅವಳನ್ನು ಮನೆಮಂದಿಯೆಲ್ಲ ಕರೆಯುವುದು ವಕೀಲಮ್ಮ ಎಂದೇ. ಕೆಲಸವೇನೋ ಪರದೆ ಬಟ್ಟೆಯ ಅಂಗಡಿಯಲ್ಲಿ. ಆದರೆ ವಾದಕ್ಕೆ ನಿಂತಳೆಂದರೆ ಎದುರಿಗಿದ್ದವರು ಬೆವರು ಒರೆಸಿಕೊಳ್ಳಬೇಕು.

"ಮೇಡಂ, ಎಳೆಯೋದು ಒಂದು ಸಲದ ಕೆಲಸ, ಅದಕ್ಕೆ ಒಂದೇ ಸಲ ಶುಲ್ಕ. ಬಾಡಿಗೆ ಹಾಗಲ್ಲ. ಯಾರೂ ಕೇಳ್ಕೊಂಡು ಬರದೇ ಇರೋ ಒಂದೊಂದು ದಿನಕ್ಕೂ ಏರ್ತಾ ಹೋಗುತ್ತೆ. ಮಾರನೇ ದಿನವೇ ಬಂದಿದ್ರೆ ಇಷ್ಟಾಗ್ತಿರಲಿಲ್ಲ. ಇಷ್ಟು ದಿನ ಕಾರು ಇಲ್ಲ ಅಂತ ನಿಮಗೆ ಗೊತ್ತೇ ಆಗ್ಲಿಲ್ವಾ?"

ವಕೀಲಮ್ಮ ಬಿಲ್ಲಿನ ಮೇಲಿನ ದಿನಗಳನ್ನು ಎಣಿಸತೊಡಗಿದಳು. ಕಾರು ಅಮ್ಮ ಬಿಟ್ಟುಹೋದದ್ದು. ಅವಳ ಮತ್ತು ತಂಗಿಯ, ಇಬ್ಬರ ಹೆಸರಿನಲ್ಲೂ ಇದೆ. ಒಂದು ವಾರ ಇವಳಿಗೆ, ಇನ್ನೊಂದು ವಾರ ಅವಳಿಗೆ. ಹಿಂದಿನ ಬಾಗಿಲಿಗೆ ಗೀರು ಬಿದ್ದದ್ದು ಯಾರ ವಾರದಲ್ಲಿ ಎಂದು ಜಗಳವಾಗಿ ಅಕ್ಕತಂಗಿಯರು ಮಾತು ಬಿಟ್ಟಿದ್ದರು. ತನ್ನ ಸರದಿ ಬಂದರೂ ಕಾರು ಬರಲಿಲ್ಲ. ತಂಗಿಯೇ ಹಟಕ್ಕೆ ಇಟ್ಟುಕೊಂಡಿದ್ದಾಳೆಂದು ಇವಳು ಹಲ್ಲು ಕಚ್ಚಿಕೊಂಡು ಬಸ್ಸಿನಲ್ಲಿ ಓಡಾಡಿದ್ದಳು. ನಿನ್ನೆ ಮೊಬೈಲಿಗೆ ಸಂದೇಶ ಬಂದಾಗಲೇ ಕಾರು ಇಲ್ಲಿದೆ ಎಂದು ತಿಳಿದದ್ದು. ಆದರೂ ತಾನಾಗಿ ಮೊದಲು ಮಾತಾಡುವುದಿಲ್ಲ ಎಂಬ ಶಪಥ ಹಾಗೇ ಇತ್ತು.

"ಇಬ್ಬರು ಮಾಲೀಕರೂ ಬಂದು ಸಹಿ ಹಾಕ್ಬೇಕು, ಆಗಲೇ ಕಾರು ಬಿಡೋದು" ಅಂದ ಗುಮಾಸ್ತ.

"ನೀವೇ ಫೋನ್ ಮಾಡಿ ಕರೀರಿ. ನಂಬರ್ ಹೇಳ್ತೀನಿ."

ತಂಗಿ ತನ್ನ ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದಳು. ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಅಕ್ಕನ ಕಡೆ ನೋಡದೆ ಕಿಟಕಿಗೆ ಕೈಯೂರಿ ನಿಂತಳು.

"ಹೊಲಿಗೆ ಅಂಗಡಿ ಮುಂದೆ, ಪಕ್ಕದ ಗೇಟಿಗೆ ಅಡ್ಡ ನಿಲ್ಲಿಸಿದ್ದು ಯಾರು?" ಎಂದು ಗುಮಾಸ್ತ ಕೇಳಿದ.

"ನಾನೇ" ಅಂದಳು ವಕೀಲಮ್ಮ. "ನನ್ನ ವಾರ ಮುಗಿದಿತ್ತು. ದೂರ ಬಿಟ್ರೆ ಇವರು ಬಟ್ಟೆ ಮೂಟೆ ಹೊತ್ಕೊಂಡು ನಡೀಬೇಕು, ಮೊದಲೇ ಸೊಂಟ ನೋವು. ಅದಕ್ಕೇ ಅಂಗಡಿ ಬಾಗಿಲಿಗೇ ತಂದು ಬಿಟ್ಟೆ. ಹೇಳಿ ಇವರಿಗೆ."

ತಂಗಿಯೂ ಗುಮಾಸ್ತನಿಗೇ ಹೇಳಿದಳು. "ನನಗೆ ತಂದು ಬಿಟ್ಟಿದ್ದು ಅಂತ ಕನಸು ಬಿದ್ದಿತ್ತಾ, ಕೇಳಿ ಇವರನ್ನ. ಕೋಪಕ್ಕೆ ಇವರೇ ಇಟ್ಕೊಂಡು ಓಡಿಸ್ತಿದ್ದಾರೆ, ಏನೋ ಕೆಲಸಕ್ಕೆ ಬಂದು ಇಲ್ಲಿ ನಿಲ್ಲಿಸಿದ್ದಾರೆ ಅಂದ್ಕೊಂಡಿದ್ದೆ. ಎಳ್ಕೊಂಡು ಹೋಗುವಾಗ ಬಾಗಿಲಲ್ಲೇ ನಿಂತು ನೋಡ್ದೆ. ಸರಿಯಾಗಿ ಆಯ್ತು, ದಂಡ ಕಟ್ಟಿ ಬಿಡಿಸ್ಕೊಳ್ಳಲಿ ಅಂದ್ಕೊಂಡು ಒಳಗೆ ಹೋದೆ."

"ನಮ್ಮ ಕೆಲಸ ಕಾರು ಸಾಗಿಸೋದು ಮೇಡಂ, ಮಾತು ಸಾಗಿಸೋದಲ್ಲ" ಅಂದ ಗುಮಾಸ್ತ.

ವಕೀಲಮ್ಮನ ಪಿತ್ತ ನೆತ್ತಿಗೇರಿತು. ಕಿಟಕಿ ಬಿಟ್ಟು ತಂಗಿಯ ಕಡೆಗೇ ತಿರುಗಿದಳು. "ಕಣ್ಣೆದುರೇ ಎಳ್ಕೊಂಡು ಹೋಗ್ತಿದ್ರೂ ಬೊಂಬೆ ಹಾಗೆ ನಿಂತಿದ್ಯೇನೇ? ಅಮ್ಮನ ಕಾರು ಕಣೇ ಅದು. ನನಗೊಂದು ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ತಂಗಿಯ ಕಣ್ಣು ತುಂಬಿ ಬಂದಿತ್ತು, ತುಟಿ ಮಾತ್ರ ನಗುತ್ತಿತ್ತು. "ಮೊದಲು ಮಾತಾಡಿದ್ದು ನೀನೇ" ಅಂದಳು.

ವಕೀಲಮ್ಮನ ಎದೆಯ ಮೇಲಿನ ಭಾರ ಇಳಿದಂತಾಯಿತು. ಹಾಗಂತ ಸೋಲೊಪ್ಪುವ ಹೆಂಗಸಲ್ಲ ಅವಳು. ಬಾಡಿಗೆಯ ಬಗ್ಗೆ ಇನ್ನೊಂದು ಸೊಲ್ಲೆತ್ತದೆ ದುಡ್ಡು ಕಟ್ಟಿ, ಸಹಿ ಹಾಕಿ, ಪೆನ್ನನ್ನು ತಂಗಿಯ ಕೈಗಿಟ್ಟಳು.

"ಅದು ಮಾತಲ್ಲ, ಬೈಗುಳ."

"ಹಾಗಾದ್ರೆ ಮನೆ ತನಕ ಬೈತಾ ಬಾ" ಅಂದಳು ತಂಗಿ, ಸಹಿ ಹಾಕುತ್ತಾ. "ಗಾಡಿ ನಾನು ಓಡಿಸ್ತೀನಿ."