ಹನ್ನೊಂದು ಮಿಲಿಮೀಟರ್

ಪುರುಸೊತ್ತು ಇದ್ದಾಗ ಓದಿ... ಅವಸರದಲ್ಲಿ ಓದುವ ಕಥೆ ಇದಲ್ಲ.

ಶಶಿಕಲಾ ಪರದೆಯ ಮೇಲೆ ಗೆರೆ ಎಳೆದಳು. ಅಳತೆ ಬಂತು... ಹತ್ತೊಂಬತ್ತು ಮಿಲಿಮೀಟರ್.

ಮೌಸ್ ಮೇಲಿದ್ದ ಕೈ ಅಲ್ಲೇ ನಿಂತಿತು.

ಗದಗಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಅವಳು ಒಂಬತ್ತು ವರ್ಷದಿಂದ ಟೆಕ್ನಿಷಿಯನ್. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಗಂಟು ಕಂಡಲ್ಲಿ ಬಾಣದ ಗುರುತು ಹಾಕಿ, ಅಂಚಿನಿಂದ ಅಂಚಿಗೆ ಅಳೆಯುವುದು ಅವಳ ಕೆಲಸ.

ರಿಪೋರ್ಟ್ ಬರೆಯುವ ಡಾಕ್ಟರ್ ಮುನವಳ್ಳಿ ಮೂರು ಊರಿಗೆ ಓಡಾಡುವವರು. ಅವಳು ಗುರುತು ಹಾಕಿ ಕಳಿಸಿದ ಚಿತ್ರಗಳನ್ನಷ್ಟೇ ನೋಡಿ ಬರೆಯುತ್ತಿದ್ದರು... ಅಲ್ಲಿ ಅದೇ ರೂಢಿ.

ಈಗ ಸ್ಕ್ಯಾನ್ ಆದವರು ಫಕೀರವ್ವ. ಶಾಲೆಯಲ್ಲಿ ಬಿಸಿಯೂಟ ಮಾಡುವ ಐವತ್ತೆರಡು ವರ್ಷದ ಹೆಂಗಸು.

ಎಂಟು ತಿಂಗಳ ಹಿಂದೆ ಅವರ ಶ್ವಾಸಕೋಶದ ಗಂಟು ಆರೇ ಮಿಲಿಮೀಟರ್ ಇತ್ತು. ಹೆದರಬೇಡಿ, ಒಂದು ವರ್ಷ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದ್ದರು. ಕೆಮ್ಮು ಬಿಡಲಿಲ್ಲವೆಂದು ಫಕೀರವ್ವ ವರ್ಷ ತುಂಬುವ ಮೊದಲೇ ಬಂದಿದ್ದರು.

ಆರರಿಂದ ಹತ್ತೊಂಬತ್ತು... ಎಂಟೇ ತಿಂಗಳಲ್ಲಿ?

ಶಶಿಕಲಾ ಹಳೆಯ ಚಿತ್ರ ತೆರೆದಳು. ಮೂಲೆಯಲ್ಲಿ ಅಳೆದವರ ಹೆಸರು ಇತ್ತು... ಅವಳದೇ.

ಶ್ವಾಸಕೋಶ ನೋಡುವಾಗ ಪರದೆಯ ಕಪ್ಪು ಬಿಳುಪನ್ನು ಒಂದು ಬಗೆಯಲ್ಲಿ ಇಡಬೇಕು, ಎದೆಯ ಉಳಿದ ಭಾಗಕ್ಕೆ ಇನ್ನೊಂದು ಬಗೆ. ಬದಲಿಸದೆ ಅಳೆದರೆ ಗಂಟಿನ ಅಂಚು ಕಪ್ಪಿನಲ್ಲಿ ಕರಗಿ, ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಅವತ್ತಿನ ಗಡಿಬಿಡಿಯಲ್ಲಿ ಅವಳು ಬದಲಿಸಿರಲಿಲ್ಲ.

ಈಗ ಬದಲಿಸಿ, ಆ ಹಳೆಯ ಚಿತ್ರವನ್ನೇ ಮತ್ತೆ ಅಳೆದಳು. ಹನ್ನೊಂದು.

ಅಂದರೆ ಕ್ಯಾನ್ಸರ್ ಅನುಮಾನದ ಮೇಲೆ ಆಗಲೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕಿತ್ತು...

ಪಕ್ಕದಲ್ಲಿದ್ದ ಹಿರಿಯ ಟೆಕ್ನಿಷಿಯನ್ ಬಸಯ್ಯ ಎಲ್ಲವನ್ನೂ ನೋಡಿದ್ದರು. ಬಾಗಿಲು ಎಳೆದು ಮುಚ್ಚಿ ಬಂದು, ತಗ್ಗಿದ ದನಿಯಲ್ಲಿ ಹೇಳಿದರು:

"ಗಂಟು ಬೆಳದೈತಿ ಅಂತ ಬರದ್ರ ಸುಳ್ಳೇನಲ್ಲಲ್ಲ. ಹಳೇದು ಯಾಕ ಕೆದಕ್ತಿ? ನೌಕರಿ ಬ್ಯಾಸರ ಆತೇನು?"

ಅವಳಿಗೂ ಹಾಗೇ ಅನ್ನಿಸಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಆರು ಎನ್ನುವ ಸುಳ್ಳು ಲೆಕ್ಕ ಹಾಗೇ ಉಳಿದರೆ? ಕ್ಯಾನ್ಸರ್ ಇಷ್ಟು ಜಲ್ದಿ ಬೆಳೆಯುವುದಿಲ್ಲ, ಇದು ಸೋಂಕೇ ಇರಬೇಕೆಂದು ಡಾಕ್ಟರು ಮಾತ್ರೆ ಕೊಟ್ಟು, ಇನ್ನೆರಡು ತಿಂಗಳು ಕಾಯೋಣ ಎನ್ನಬಹುದು. ಮೊದಲು ಒಬ್ಬ ರೋಗಿಗೆ ಹಾಗೆಯೇ ಆದದ್ದನ್ನು ಅವಳು ಕಂಡಿದ್ದಳು.

ಫಕೀರವ್ವನ ಹತ್ತಿರ ಇನ್ನೆರಡು ತಿಂಗಳು ಇದ್ದವೋ ಇಲ್ಲವೋ...

ಅವಳು ಹಳೆಯ ಚಿತ್ರದ ಮೇಲೆ ಹೊಸ ಗೆರೆ ಎಳೆದು, ಕೆಳಗೆ ಟೈಪ್ ಮಾಡಿದಳು: 'ಹಿಂದಿನ ಅಳತೆ ತಪ್ಪು. ಸರಿಯಾದದ್ದು 11. ತಪ್ಪು ಅಳೆದವಳು ನಾನೇ.'

ಆಮೇಲೆ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಎರಡೂ ಚಿತ್ರಗಳನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿದರು.

"ಸಹಿ ನಂದೈತಿ, ಶಶಿಕಲಾ... ಪೂರ್ತಿ ಚಿತ್ರ ನಾನೂ ತೆಗದು ನೋಡಲಿಲ್ಲ."

ಇವತ್ತೇ ಹುಬ್ಬಳ್ಳಿಗೆ ಕಳಿಸಲು ಹೇಳಿದರು. ಅಲ್ಲಿನ ಸರ್ಜನ್‌ಗೆ ತಾವೇ ಫೋನ್ ಮಾಡುವುದಾಗಿ ಹೇಳಿ, ಫಕೀರವ್ವನಿಗೆ ಎಲ್ಲವನ್ನೂ ಯಾರು ತಿಳಿಸುತ್ತಾರೆ ಎಂದು ಕೇಳಿದರು.

ನಾನೇ ಹೇಳುತ್ತೇನೆ ಎಂದಳು.

ಹೊರಗೆ ಬೆಂಚಿನ ಮೇಲೆ ಫಕೀರವ್ವನ ಪಕ್ಕ ಕುಳಿತು, ಒಂದನ್ನೂ ಮುಚ್ಚಿಡದೆ ಹೇಳಿದಳು.

ಫಕೀರವ್ವ ಸೆರಗಿನಿಂದ ಬಾಯಿ ಒತ್ತಿಕೊಂಡು ಕೇಳಿದರು. ಕೆಮ್ಮು ನಿಂತ ಮೇಲೆ ಮಾತಾಡಿದರು:

"ಸಣ್ಣದೈತಿ ಅಂದ್ರಿ ಅಂತ ಓಣಿ ತುಂಬ ಪೇಡೆ ಹಂಚಿದ್ನೆವ್ವಾ..."

ಶಶಿಕಲಾ ಅವರ ಕಾಲು ಮುಟ್ಟಲು ಬಗ್ಗಿದಳು. ಫಕೀರವ್ವ ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ. ನಿನಗ ಬೈಬೇಕು ಅನಸ್ತೈತಿ... ಬೈಯಾಕ ಉಸುರು ಸಾಲವಲ್ದು."

ಎದುರಿನ ಕುರ್ಚಿಗಳಲ್ಲಿ ಚೀಟಿ ಹಿಡಿದು ಕಾಯುತ್ತಿದ್ದವರ ಕಡೆಗೆ ಫಕೀರವ್ವ ಗದ್ದ ಎತ್ತಿ ತೋರಿಸಿದರು.

"ನನ್ನ ಮುಂದ ಹಿಂಗ ಕುಂದ್ರಬ್ಯಾಡ, ತಂಗಿ. ಹೋಗು... ಅವರ್ದು ಸಮಾ ಅಳತಿ ಮಾಡು."

ಅಷ್ಟು ಹೊತ್ತು ತಡೆದುಕೊಂಡಿದ್ದ ಶಶಿಕಲಾಳ ಕಣ್ಣು ಆಗ ತುಂಬಿ ಬಂತು.

ಹತ್ತೇ ದಿನದಲ್ಲಿ ಹುಬ್ಬಳ್ಳಿಯಲ್ಲಿ ಫಕೀರವ್ವನ ಆಪರೇಷನ್ ಆಯಿತು. ಶ್ವಾಸಕೋಶದ ಒಂದು ಭಾಗ ಹೋಯಿತು. ಒಲೆಯ ಮುಂದೆ ನಿಲ್ಲುವ ಕೆಲಸ ಇನ್ನು ಆಗುವುದಿಲ್ಲ. ಮುಂದೇನು ಎಂದು ಕೇಳಿದರೆ ಅಲ್ಲಿನ ಡಾಕ್ಟರುಗಳೂ ಬಾಯಿ ಬಿಟ್ಟು ಹೇಳುತ್ತಿಲ್ಲ...

ಆದರೆ ಬೆಂಚಿನಿಂದ ಎದ್ದ ಆ ದಿನವೇ, ಕಾಯುತ್ತಿದ್ದವರ ಕೆಲಸ ಮುಗಿಸಿ, ಶಶಿಕಲಾ ಇನ್ನೊಂದು ಕೆಲಸ ಮಾಡಿದಳು.

ಎಂಟು ತಿಂಗಳ ಹಿಂದೆ, ಅದೇ ಗಡಿಬಿಡಿಯ ದಿನ, ಫಕೀರವ್ವನ ಜೊತೆ ಎದೆಯ ಸ್ಕ್ಯಾನ್ ಆಗಿದ್ದವರು ಇನ್ನೂ ಆರು ಜನ. ಒಬ್ಬೊಬ್ಬರ ಚಿತ್ರ ತೆರೆದು ಮತ್ತೆ ಅಳೆದಳು.

ಐದು ಸರಿ ಇದ್ದವು.

ಆರನೆಯದರಲ್ಲಿ ಹೊಸ ಅಳತೆ ಹಳೆಯದಕ್ಕಿಂತ ದೊಡ್ಡದಾಗಿ ಬಂತು... ಆಮೇಲೆ ಫೋನ್ ತೆಗೆದುಕೊಂಡು, ರಿಜಿಸ್ಟರಿನಲ್ಲಿದ್ದ ನಂಬರ್ ಒತ್ತಿದಳು.

ಆ ಕಡೆಯಿಂದ ಒಬ್ಬ ಗಂಡಸು ಯಾರು ಎಂದು ಕೇಳಿದ.

ಅವಳು ತನ್ನ ಹೆಸರು ಹೇಳಿದಳು.

*

ತಪ್ಪನ್ನು ಒಪ್ಪಿಕೊಂಡರೆ ಕಳೆದುಹೋದ ದಿನ ಮರಳಿ ಬರುವುದಿಲ್ಲ. ಆದರೆ ಇನ್ನೊಬ್ಬರ ನಾಳೆಯಾದರೂ ಉಳಿಯಬಹುದು.

ನಿಮ್ಮ ಕೈಯಿಂದ ಆದ ಯಾವ ಕೆಲಸವನ್ನು ಮತ್ತೆ ತೆರೆದು ನೋಡಲು ನೀವು ಹೆದರುತ್ತಿದ್ದೀರಿ... ಅದರ ಆ ಕಡೆ ಯಾರು ಕಾಯುತ್ತಿದ್ದಾರೆ?