ಹಣೆಯ ಮೇಲೆ ಮೂರು ಗೆರೆ

ಸತ್ತವನ ಹಣೆಯ ಮೇಲೆ ಮೂರು ಬಿಳಿ ಗೆರೆಗಳು ಎದ್ದು ಕಾಣುತ್ತಿದ್ದವು. ಐದು ನಿಮಿಷದ ಹಿಂದೆ ವಿದ್ಯಾಶ್ರೀ ಅದೇ ಹಣೆಯನ್ನು ನೋಡಿ ಹೋಗಿದ್ದಳು. ಆಗ ಅಲ್ಲಿ ಏನೂ ಇರಲಿಲ್ಲ.

ಸತ್ತವನೆಂದರೆ ಮಣ್ಣಿನ ಮೂರ್ತಿ. ಐನೂರು ವರ್ಷದ ಹಿಂದೆ ಇಟಲಿಯ ಯಾರೋ ಶಿಲ್ಪಿ ಮಾಡಿ, ಸುಟ್ಟು, ಬಣ್ಣ ಹಚ್ಚಿದ್ದು: ಕೂತ ತಾಯಿ, ಅವಳ ತೊಡೆಯ ಮೇಲೆ ಶಿಲುಬೆಯಿಂದ ಇಳಿಸಿದ ಮಗ. ಅಲ್ಲಿಯ ಸಣ್ಣ ಊರೊಂದರ ಮ್ಯೂಸಿಯಂನಿಂದ ಚಿತ್ರ, ಮೂರ್ತಿ, ರೇಷ್ಮೆ ಮಖಮಲ್ಲುಗಳೆಲ್ಲ 2014ರ ಆ ಬೇಸಿಗೆಯಲ್ಲಿ ಮೂರು ತಿಂಗಳ ಪ್ರದರ್ಶನಕ್ಕೆಂದು ಸಿಂಗಪುರಕ್ಕೆ ಬಂದಿದ್ದವು. ನಾಳೆ ಉದ್ಘಾಟನೆ. ಇವತ್ತು ಇಲ್ಲಿಯ ಮ್ಯೂಸಿಯಂನ ಸಿಬ್ಬಂದಿ ತಮ್ಮ ಮನೆಯವರಲ್ಲಿ ಒಬ್ಬರನ್ನು ಕರೆತಂದು ತೋರಿಸಬಹುದಿತ್ತು. ಆದರೆ ನಮ್ಮವರು ಏನನ್ನೂ ಮುಟ್ಟುವುದಿಲ್ಲ, ಮುಟ್ಟಿದರೆ ಹೊಣೆ ನಮ್ಮದು ಎಂದು ಸಹಿ ಹಾಕಬೇಕು. ವಿದ್ಯಾಶ್ರೀ ಹಾಕಿದ್ದಳು. ಎರಡು ವರ್ಷ ಕಾಂಟ್ರಾಕ್ಟಿನಲ್ಲಿ ದುಡಿದ ಮೇಲೆ ಅವಳ ಕೆಲಸ ಖಾಯಂ ಆಗುವ ಕಾಗದ ಈ ವಾರವೇ ಬರುವುದಿತ್ತು.

ಕರೆತಂದದ್ದು ಅತ್ತೆ ದಾನವ್ವನನ್ನು. ಗುಳೇದಗುಡ್ಡದ ನೇಕಾರರ ಮನೆಯ ಹೆಣ್ಣು. ಮಗನ ಮನೆ ನೋಡಲೆಂದು ಬಂದು ಬುಕಿತ್ ಪಂಜಾಂಗ್ ಬಡಾವಣೆಯ ಹನ್ನೆರಡನೇ ಮಹಡಿಯಲ್ಲಿ ಕೂತು ಕೂತು ಬೇಸತ್ತಿದ್ದಳು. ಹಳೆಯ ಮಖಮಲ್ಲು ಕಂಡರೆ ಆಕೆಯ ಬೆರಳುಗಳು ಸುಮ್ಮನಿರಲಾರವು ಎಂಬ ಅಂಜಿಕೆಯಿಂದ ವಿದ್ಯಾಶ್ರೀ ಬಟ್ಟೆಗಳ ಕೋಣೆಯಲ್ಲಿ ಅತ್ತೆಯ ಮಗ್ಗುಲು ಬಿಟ್ಟು ಸರಿದಿರಲಿಲ್ಲ. ಆ ಮಹಾತಾಯಿಯೋ, ಅಲ್ಲಿ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಒಳ್ಳೆಯ ವಿದ್ಯಾರ್ಥಿನಿಯಂತೆ ನಿಂತಿದ್ದಳು. ಆಮೇಲೆ ಮೂರ್ತಿಗಳ ಕೋಣೆಗೆ ಬಂದಾಗ ಫೋನ್ ಬಂತೆಂದು ವಿದ್ಯಾಶ್ರೀ ಹೊರಗೆ ಹೋದದ್ದೇ ತಪ್ಪಾಯಿತು. ಮೂರ್ತಿಗೆ ಗಾಜಿನ ಪೆಟ್ಟಿಗೆ ಕೂರಿಸುವುದು ಸಂಜೆಗೆ ಉಳಿದಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ವಿದ್ಯಾಶ್ರೀ ಈಗ ಅತ್ತೆಯನ್ನು ಕೈ ಹಿಡಿದು ದೂರದ ಬೆಂಚಿನ ಮೇಲೆ ಕೂರಿಸಿದಳು. ದಾನವ್ವ ವಿಭೂತಿ ಗಟ್ಟಿಯನ್ನು ಸಾವಕಾಶವಾಗಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ನೀರು ಹಚ್ಚದೆ ಒಣ ವಿಭೂತಿಯನ್ನೇ ಬಳಿದಿದ್ದಾಳೆಂದು ತಿಳಿದದ್ದೊಂದೇ ಸಮಾಧಾನ.

ಪಕ್ಕದ ಕೋಣೆಯ ಗೋಡೆಯ ಮೇಲೆ ಟಾರ್ಚಿನ ಬೆಳಕು ಹರಿದಾಡುತ್ತಿತ್ತು. ಮೂರ್ತಿಗಳ ಜೊತೆಗೇ ಇಟಲಿಯಿಂದ ಬಂದಿದ್ದ ತಜ್ಞೆ ಒಂದೊಂದು ವಸ್ತುವನ್ನೂ ಪರೀಕ್ಷಿಸಿ, ಎಲ್ಲಿ ಬಿರುಕು, ಎಲ್ಲಿ ಕಲೆ ಎಂದು ಫಾರ್ಮ್ ತುಂಬುತ್ತ ಬರುತ್ತಿದ್ದಳು. ಅಲ್ಲಿ ಉಳಿದಿದ್ದು ಎರಡೇ ಚಿತ್ರ. ವಿದ್ಯಾಶ್ರೀಯ ಕೈ ಕರವಸ್ತ್ರದವರೆಗೆ ಹೋಗಿ ಹಿಂದೆ ಬಂತು.

ಅಷ್ಟರಲ್ಲಿ ಅವಳ ಮೇಲಧಿಕಾರಿ ದ್ವಾರಕನಾಥ್ ಬಂದರು. ಮೈಸೂರಿನವರು, ಆ ಮೂರು ಗೆರೆ ಏನು, ಯಾರ ಕೈಯದು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಂಚಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಡ್ರೈ ಪೌಡರ್ ತಾನೆ? ಸಾಫ್ಟ್ ಬ್ರಷ್ ತಗೊಂಡು ಕ್ಲೀನ್ ಮಾಡ್ಬಿಡಿ. ನಾನು ಆ ಇಟಲಿಯವರನ್ನ ಅಲ್ಲೇ ಎರಡು ನಿಮಿಷ ಮಾತಾಡಿಸ್ತಿರ್ತೀನಿ."

"ಕೆಳಗಿನ ಪೇಂಟ್ ಎದ್ದು ಬಂದ್ರೆ, ಸರ್?"

"ರಿಪೋರ್ಟ್ ಆದ್ರೆ ನಿಮ್ಮ ಕೆಲಸ ಹೋಗುತ್ತೆ, ವಿದ್ಯಾಶ್ರೀ. ಪೊಲೀಸ್ ಕಂಪ್ಲೇಂಟ್ ಆದ್ರೆ ಆ ಅಮ್ಮನ ಗತಿ ಏನೋ ನಂಗೊತ್ತಿಲ್ಲ."

ಅವರು ಆಚೆ ಹೋದರು. ವಿದ್ಯಾಶ್ರೀ ಬ್ರಷ್ ತಂದು ಆ ಹಣೆಯ ಹತ್ತಿರ ಹಿಡಿದಳು. ಬಣ್ಣ ಅಲ್ಲಲ್ಲಿ ಈರುಳ್ಳಿ ಸಿಪ್ಪೆಯಂತೆ ಎದ್ದು ನಿಂತಿತ್ತು. ಹೋದ ವಾರ ಅದರ ಫೋಟೋ ತೆಗೆದವಳೂ ಅವಳೇ. ಇಷ್ಟು ವರ್ಷ ಬಾಳಿದ್ದು ತನ್ನ ಹೆದರಿಕೆಯಿಂದ ಉದುರಿ ಹೋದರೆ ಖಾಯಂ ಕೆಲಸ ಸಿಕ್ಕಿಯೂ ನಿದ್ದೆ ಬರಲಾರದು ಎನ್ನಿಸಿತು. ಬ್ರಷ್ ಕೆಳಗಿಟ್ಟಳು. ಟಾರ್ಚು ಕೋಣೆಯೊಳಗೆ ಬಂದಾಗ ತಾನೇ ಎದುರು ಹೋಗಿ, ಇದು ನನ್ನ ಅತ್ತೆ ಮಾಡಿದ್ದು, ಸಹಿ ಹಾಕಿದವಳು ನಾನು ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ತಜ್ಞೆಯ ಹಿಂದೆ ನಿಂತಿದ್ದ ದ್ವಾರಕನಾಥ್ ಕಣ್ಣು ಮುಚ್ಚಿಕೊಂಡರು.

ತಜ್ಞೆ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಟಾರ್ಚನ್ನು ಓರೆಯಾಗಿ ಹಿಡಿದು, ಮೂಗು ತಾಗುವಷ್ಟು ಬಾಗಿ, ಬಹಳ ಹೊತ್ತು ನೋಡಿದಳು. ಬಣ್ಣ ಹೋಗಿಲ್ಲ, ಪುಡಿಯನ್ನು ನಾನೇ ತೆಗೆಯುತ್ತೇನೆ, ಆದರೆ ಬರೆಯದೆ ಬಿಡುವಂತಿಲ್ಲ, ಬರೆದದ್ದನ್ನು ಎರಡೂ ಮ್ಯೂಸಿಯಂನವರು ಓದಿಯೇ ಮುಂದಿನದನ್ನು ತೀರ್ಮಾನಿಸುತ್ತಾರೆ ಎಂದಳು. ಫಾರ್ಮ್ ತುಂಬುತ್ತ ಹೋದವಳು 'ಕಾರಣ' ಎಂಬ ಕಾಲಂ ಬಂದಾಗ ಪೆನ್ನು ನಿಲ್ಲಿಸಿದಳು. ಇಲ್ಲಿ ಏನು ಬರೆಯಲಿ, ನಿನ್ನ ಅತ್ತೆಯನ್ನೇ ಕೇಳು ಎಂದಳು.

ವಿದ್ಯಾಶ್ರೀ ಬೆಂಚಿನ ಬಳಿ ಹೋದಳು.

"ಅತ್ತೀ, ಮುಟ್ಟಬ್ಯಾಡ್ರಿ ಅಂತ ಸಾರಿ ಸಾರಿ ಹೇಳಿದ್ದೆ. ಯಾಕ ಹಚ್ಚಿದ್ರಿ?"

ದಾನವ್ವ ಸೊಸೆಯ ಕಡೆ ತಿರುಗಲಿಲ್ಲ. ಮೂರ್ತಿಯನ್ನೇ ನೋಡುತ್ತಿದ್ದಳು.

"ಆಕಿ ಎರಡೂ ಕೈಲೆ ಮಗನ್ನ ಹಿಡಕೊಂಡಾಳ. ವಿಭೂತಿ ಹಚ್ಚಾಕ ಆಕಿಗೆ ಕೈ ಎಲ್ಲಿ ಖಾಲಿ ಐತಿ? ಹೆಣದ ಮುಂದ ಬಂದು ಬರೇ ನೋಡಿಕೋತ ನಿಂದ್ರಾಕ ಅಕ್ಕೈತೇನವ್ವಾ?"