ರೈಲಿನಲ್ಲಿ ಬಿಡಿಸಿದ ಮೆಂತ್ಯಸೊಪ್ಪು

ಬಿಡಿಸಿಟ್ಟ ಮೆಂತ್ಯಸೊಪ್ಪಿನ ಪ್ಯಾಕೆಟ್ ಕತ್ತರಿಸಿದರೆ ಸಾಕು, ಒಳಗಿನ ಆ ಬೆವೆತ ವಾಸನೆಗೆ ನಾನು ಇವತ್ತಿಗೂ ಮೂಗು ಮುಚ್ಚಿಕೊಳ್ಳುತ್ತೇನೆ.

ಶಾಲೆಗೆ ರಜೆಯಿತ್ತೆಂದು ಅಮ್ಮ ಆ ದಿನ ನನ್ನನ್ನು ಮುಂಬೈ ಪಕ್ಕದ ಠಾಣೆ ಊರಿನಲ್ಲಿದ್ದ ತನ್ನ ಆಫೀಸಿಗೆ ಕರೆದೊಯ್ದಿದ್ದಳು. ಸಂಜೆ ಸಾನಪಾಡಾದ ಮನೆಗೆ ಮರಳುವ ಲೋಕಲ್‌ನಲ್ಲಿ, ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿದ್ದೇ ತಡ, ಚೀಲದಿಂದ ಎರಡು ಕಟ್ಟು ಮೆಂತ್ಯ ತೆಗೆದು ಸುತ್ತ ಕೂತವರಿಗೆಲ್ಲ ಹಂಚಿದಳು. ದಿನಾ ಜೊತೆಗೆ ಓಡಾಡುವ ಆ ಹೆಂಗಸರು ಮಾತಾಡುತ್ತಲೇ ಎಲೆ ಬಿಡಿಸತೊಡಗಿದರು. ಒಬ್ಬಳ ಬೆರಳಿಗೆ ತಲೆನೋವಿನ ಮುಲಾಮು ಮೆತ್ತಿತ್ತು. ಇನ್ನೊಬ್ಬಳು ನಡುನಡುವೆ ತಲೆ ಕೆರೆದುಕೊಳ್ಳುತ್ತಿದ್ದಳು. ಕಿಟಕಿ ಪಕ್ಕದ ಮರಾಠಿ ಹೆಂಗಸು, ನಾನು ಮಾವಶಿ ಎಂದು ಕರೆಯುತ್ತಿದ್ದವಳು, ಸೀನಿ, ಅಂಗೈಯಿಂದ ಮೂಗೊರೆಸಿಕೊಂಡು, ಅದೇ ಕೈಯನ್ನು ಮತ್ತೆ ಸೊಪ್ಪಿಗೆ ಹಾಕಿದಳು.

“ಅಮ್ಮಾ, ಛೀ! ಆ ಮಾವಶಿ...”

“ಸುಮ್ನೆ ಕೂತ್ಕೊ ಮಾರಾಯ್ತಿ. ಮನೆಗೆ ಹೋಗಿ ತೊಳೀಲಿಕ್ಕುಂಟಲ್ಲ.”

ಮನೆಯಲ್ಲಿ ಸಂಜೆ ಬರುವ ನಲ್ಲಿ ನೀರು ಆಗಲೇ ನಿಂತುಹೋಗಿತ್ತು. ಐದಕ್ಕೇ ಬಂದು ಟಿವಿ ನೋಡುತ್ತಿದ್ದ ಅಪ್ಪ ಬಕೆಟ್ ತುಂಬಿಸಿರಲಿಲ್ಲ. ತಳದಲ್ಲಿದ್ದ ನೀರಿನಲ್ಲೇ ಅಮ್ಮ ಸೊಪ್ಪನ್ನು ಒಮ್ಮೆ ಅದ್ದಿ ಬಾಣಲೆಗೆ ಹಾಕಿದಳು.

ಊಟಕ್ಕೆ ಕೂತಾಗ ಪಲ್ಯ ಮುಲಾಮಿನಂತೆ ನಾತ ಹೊಡೆಯಿತು. ತಟ್ಟೆ ದೂಡಿ, ಮಾವಶಿ ಮೂಗೊರೆಸಿದ್ದನ್ನು ಅಪ್ಪನಿಗೆ ಹೇಳಿಬಿಟ್ಟೆ.

ಅಪ್ಪ ಬಾಯಲ್ಲಿದ್ದ ತುತ್ತನ್ನು ತಟ್ಟೆಗೇ ಉಗಿದ. “ಥೂ! ಇಂಥದ್ದನ್ನಾ ನಂಗೆ ಬಡಿಸುದು ನೀನು?”

“ಮೂಗೊರ್ಸಿದ ಆ ಕೈ ಸೊಪ್ಪಾದ್ರೂ ಬಿಡಿಸ್ತು,” ಅಂದಳು ಅಮ್ಮ.

ಅಪ್ಪ ಎದ್ದು ಹೋಗಿ, ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನೆಲ್ಲ ಸುರಿದು ಕೈ ತೊಳೆದುಕೊಂಡು ಬಂದ. ಆ ಕೈ ಬಹಳ ಸ್ವಚ್ಛವಾಗಿತ್ತು.